ಮನೆಯಲ್ಲಿ ಬೆಲ್ ಬೇಡ, ಫೈಲ್ ಬೇಕು

ಪ್ರಶ್ನೆ: ನಾವು ಮದ್ದೂರು ತಾಲ್ಲೂಕಿನ ಒಂದು ಹಳ್ಳಿಯವರು. ಮಗನಿಗೆ ಒಂಬತ್ತು ವರ್ಷ, ಮಗಳಿಗೆ ಐದೂವರೆ. ಮೂರನೇ ಕ್ಲಾಸು ಮುಗಿಯುತ್ತಿದ್ದ ಹಾಗೇ ಮಗನನ್ನು ಶಾಲೆ ಬಿಡಿಸಿದೆವು. ಇಂಗ್ಲಿಷ್ ಮೀಡಿಯಂ ಶಾಲೆ, ವ್ಯಾನಿನಲ್ಲೇ ದಿನಕ್ಕೆ ಎರಡು ಗಂಟೆ, ಬಂದ ಮೇಲೆ ರಾತ್ರಿ ಒಂಬತ್ತರವರೆಗೆ ಹೋಂವರ್ಕು, ಬೆಳಗ್ಗೆ ಎದ್ದರೆ ಹೊಟ್ಟೆನೋವು. ನಾನು ಬಿ.ಕಾಂ. ಓದಿದ್ದೇನೆ, ಮನೆಯಲ್ಲೇ ಕಲಿಸಬಹುದು ಅಂದುಕೊಂಡೆ. ನಾಲ್ಕು ತಿಂಗಳಾಯಿತು. ಬೆಳಗ್ಗೆ ಒಂಬತ್ತೂವರೆಯಿಂದ ಮೂರೂವರೆಗೆ ಟೈಂಟೇಬಲ್ ಹಾಕಿದ್ದೇನೆ, ಒಂದು ದಿನವೂ ಪೂರ್ತಿ ನಡೆದಿಲ್ಲ. ಗದರಿದರೆ "ನೀನೇನು ನಮ್ಮ ಮಿಸ್ಸಾ?" ಅನ್ನುತ್ತಾನೆ. ಗಣಿತದ ಹೊತ್ತಿಗೆ ತಾತನ ಆಲೆಮನೆಗೆ ಓಡಿಬಿಡುತ್ತಾನೆ. ಅತ್ತೆ ದಿನಾ "ಹಟ್ಟೀಲಿ ಕೂತ್ಕಂಡು ಓದಿ ಯಾರವ್ವ ಉದ್ಧಾರ ಆಗವ್ರೆ?" ಅಂತಾರೆ. ಇದು ಕಾನೂನಿಗೆ ವಿರುದ್ಧವಾ? ಮುಂದೆ ಎಸ್ಸೆಸ್ಸೆಲ್ಸಿ ಹೇಗೆ? ನಾನು ತಪ್ಪು ಮಾಡಿದೆನಾ?

ಉತ್ತರ:

ತಪ್ಪು ಮಾಡಿದಿರಾ ಇಲ್ಲವಾ ಅಂತ ಹೇಳಲು ನಾಲ್ಕು ತಿಂಗಳು ಸಾಲದು. ಆದರೆ ಆ ಟೈಂಟೇಬಲ್ ಮಾತ್ರ ತಪ್ಪು. ಇವತ್ತೇ ಗೋಡೆಯಿಂದ ತೆಗೆಯಿರಿ.

ಇದನ್ನು ಧೈರ್ಯವಾಗಿ ಹೇಳುತ್ತಿರುವುದು ಯಾಕೆಂದರೆ ಅದೇ ತಪ್ಪನ್ನು ನಾನೂ ಮಾಡಿದ್ದೇನೆ. ಎಚ್.ಡಿ. ಕೋಟೆ ಕಡೆ ಹನ್ನೊಂದು ವರ್ಷ ಸರ್ಕಾರಿ ಶಾಲೆಯಲ್ಲಿ ಟೀಚರ್ ಆಗಿದ್ದವಳು, ಒಂದೇ ಕೋಣೆಯಲ್ಲಿ ನಲವತ್ತು ಮಕ್ಕಳನ್ನು ಸಂಭಾಳಿಸಿದವಳು. ಕೆಲಸ ಬಿಟ್ಟು ಮೈಸೂರಿಗೆ ಬಂದು ಮಗಳನ್ನು ಮನೆಯಲ್ಲೇ ಓದಿಸಲು ಕೂತಾಗ ಹಾಲ್‌ನಲ್ಲಿ ಕರಿಹಲಗೆ ತೂಗುಹಾಕಿದೆ. ಸ್ಟೀಲ್ ತಟ್ಟೆಗೆ ಸೌಟಿನಲ್ಲಿ ಬಡಿದರೆ ಬೆಲ್. ಮೂರನೇ ದಿನ ಮಗಳು ಅಡುಗೆಮನೆ ಬಾಗಿಲ ಸಂದಿಯಿಂದ ಇಣುಕಿ ಕೇಳಿದಳು: "ಟೀಚರ್ ಹೋದ್ರಾ? ಅಮ್ಮ ಬಂದ್ಳಾ?" ಆ ತಟ್ಟೆ ಆವತ್ತೇ ಅಡುಗೆಮನೆಗೆ ವಾಪಸ್ ಹೋಯಿತು. ಕರಿಹಲಗೆ ಸ್ವಲ್ಪ ದಿನ ಇತ್ತು, ಆಮೇಲೆ ಹಾಲಿನ ಲೆಕ್ಕ ಬರೆಯುವುದಕ್ಕಾಯಿತು. ನಿಮ್ಮ ಮಗ "ನೀನೇನು ಮಿಸ್ಸಾ" ಅಂದಿದ್ದು ಉದ್ಧಟತನ ಅಲ್ಲ ತಂಗಿ. ಅವನಿಗೆ ಅಮ್ಮ ಬೇಕು. ಮಿಸ್ಸನ್ನು ಬಿಟ್ಟು ಬಂದಿದ್ದಾನೆ, ಮನೆಯಲ್ಲಿ ಇನ್ನೊಬ್ಬ ಮಿಸ್ಸು ಕಾದಿದ್ದಾಳೆ.

ಶಾಲೆಯ ಟೈಂಟೇಬಲ್ ಇರುವುದು ಮಗುವಿಗಾಗಿ ಅಲ್ಲ, ನಲವತ್ತು ಮಕ್ಕಳು ಮತ್ತು ಎಂಟು ಟೀಚರುಗಳು ಒಬ್ಬರ ಮೇಲೊಬ್ಬರು ಬೀಳದಿರಲಿ ಅಂತ. ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ ಹಾಜರಿ, ಗಲಾಟೆ ನಿಲ್ಲಿಸುವುದು, ಪುಸ್ತಕ ತೆಗೆಸುವುದು, ಹಿಂದಿನ ಬೆಂಚಿನವನನ್ನು ಎಬ್ಬಿಸುವುದು ಇವೆಲ್ಲ ಕಳೆದರೆ ಒಂದು ಮಗುವಿನ ಪಾಲಿಗೆ ಬರುವ ಗಮನ ಒಂದೆರಡು ನಿಮಿಷ. ಆ ಕೆಲಸ ನಾನೇ ಮಾಡಿದ್ದೇನೆ, ಲೆಕ್ಕ ಗೊತ್ತು. ನೀವು ಎದುರು ಕೂತು ಒಬ್ಬನಿಗೇ ಹೇಳಿಕೊಡುವಾಗ ಒಂಬತ್ತು ವರ್ಷದವನಿಗೆ ದಿನಕ್ಕೆ ಒಂದೂವರೆ ಗಂಟೆಯ ಕೂತು ಮಾಡುವ ಪಾಠ ಧಾರಾಳ. ಅದನ್ನೂ ಒಂದೇ ಸಲ ಬೇಡ. ಬೆಳಗ್ಗೆ ತಿಂಡಿಯಾದ ಮೇಲೆ ಅರ್ಧ ಗಂಟೆ ಗಣಿತ, ಮಧ್ಯಾಹ್ನ ಊಟಕ್ಕೆ ಮೊದಲು ಅರ್ಧ ಗಂಟೆ ಬರವಣಿಗೆ, ರಾತ್ರಿ ಮಲಗುವ ಮೊದಲು ಓದು. ಗಡಿಯಾರ ನೋಡಿ ಪಾಠ ಶುರು ಮಾಡುವ ಬದಲು ಮನೆಯಲ್ಲಿ ಹೇಗೂ ನಡೆಯುವ ಕೆಲಸಕ್ಕೆ ಗಂಟು ಹಾಕಿ: ಹಾಲು ಕರೆದಾಯಿತು, ತಿಂಡಿಯಾಯಿತು, ಈಗ ಗಣಿತ. ಹೀಗೆ ಮಾಡಿದರೆ ನೆಂಟರು ಬಂದ ದಿನವೂ ಅರ್ಧ ಪಾಠವಾದರೂ ಉಳಿಯುತ್ತದೆ.

ಇನ್ನೊಂದು ಮಾತು. ಮನೆಯಲ್ಲಿ ಓದಿಸುವವರ ನಡುವೆ ಒಂದು ರೂಢಿಯ ಲೆಕ್ಕವಿದೆ: ಮಗು ಎಷ್ಟು ವರ್ಷ ಶಾಲೆಯಲ್ಲಿತ್ತೋ ಅಷ್ಟು ತಿಂಗಳು ಪಾಠವಿಲ್ಲದೆ ಬಿಡಬೇಕು ಅಂತ. ಎಲ್‌ಕೆಜಿ, ಯುಕೆಜಿ ಸೇರಿಸಿದರೆ ನಿಮ್ಮ ಮಗ ಐದು ವರ್ಷ ಶಾಲೆ ಕಂಡವನು. ನೀವು ಐದು ದಿನವೂ ಬಿಟ್ಟಿಲ್ಲ ಅನ್ನಿಸುತ್ತದೆ. ಇದು ವಿಜ್ಞಾನದ ಸೂತ್ರವೇನಲ್ಲ, ಆದರೆ ಅನುಭವಕ್ಕೆ ಹೊಂದುತ್ತದೆ. ಅಂದಹಾಗೆ, ಪತ್ರದಲ್ಲಿ ಹೊಟ್ಟೆನೋವಿನ ಮಾತು ಒಂದೇ ಸಲ ಬಂದಿದೆ, ಶಾಲೆಗೆ ಹೋಗುತ್ತಿದ್ದಾಗಿನದು. ಈಗ ಇಲ್ಲ ಅಂತಾದರೆ ನಾಲ್ಕು ತಿಂಗಳಲ್ಲಿ ಏನೂ ಆಗಲಿಲ್ಲ ಅಂತ ಹೇಗೆ ಹೇಳುತ್ತೀರಿ? ಇನ್ನೂ ಇದೆ ಅಂದರೆ ಮಾತ್ರ ಅದು ಶಾಲೆಯ ವಿಷಯವಲ್ಲ, ಡಾಕ್ಟರಿಗೆ ತೋರಿಸಿ.

ಆಲೆಮನೆಗೆ ಬರೋಣ. ನೀವು ಅದನ್ನು ದೂರಿನಂತೆ ಬರೆದಿದ್ದೀರಿ. ನನಗೆ ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಒಳ್ಳೆಯ ಸುದ್ದಿ ಅದೇ.

ಒಂದು ದಿನ ಅವನ ಹಿಂದೆಯೇ ಹೋಗಿ ಸುಮ್ಮನೆ ಕೂತು ನೋಡಿ. ಗಾಣದಿಂದ ಕಬ್ಬಿನ ಹಾಲು ತೊಟ್ಟಿಗೆ ಬೀಳುತ್ತದೆ, ತೊಟ್ಟಿಯಿಂದ ಕೊಪ್ಪರಿಗೆಗೆ. ಬಿಸಿಯೇರುವಾಗ ತಾತ ಸುಣ್ಣದ ತಿಳಿ ಹಾಕುತ್ತಾರೆ. ಯಾಕೆ ಅಂತ ಕೇಳಿದರೆ "ಬೆಲ್ಲ ಗಟ್ಟಿ ಬರ್ಬೇಕಲ್ಲ" ಅಂದಾರು. ಕಬ್ಬಿನ ಹಾಲಿನಲ್ಲಿ ಸ್ವಲ್ಪ ಹುಳಿ ಇರುತ್ತದೆ, ಹುಳಿ ಹೆಚ್ಚಾದರೆ ಬೆಲ್ಲ ಕಟ್ಟುವುದಿಲ್ಲ, ಸುಣ್ಣ ಆ ಹುಳಿಯನ್ನು ಮುರಿಯುತ್ತದೆ, ಕಸವನ್ನೂ ಮೇಲಕ್ಕೆ ತರುತ್ತದೆ. ಕೆಲವರು ಬೆಂಡೆ ಗಿಡದ ಕಾಂಡ ಜಜ್ಜಿ ಅದರ ಲೋಳೆ ಹಾಕುತ್ತಾರೆ, ಅದೂ ಕಸ ಹಿಡಿಯುವುದಕ್ಕೇ. ನೊರೆ ಮೊದಲು ದೊಡ್ಡದಾಗಿ ಉಕ್ಕುತ್ತದೆ, ನೀರು ಆವಿಯಾದ ಹಾಗೆ ಗುಳ್ಳೆ ಸಣ್ಣಗಾಗಿ ದಪ್ಪಗೆ ಬುಳುಕ್ ಬುಳುಕ್ ಅನ್ನತೊಡಗುತ್ತದೆ. ನೀರು ಕುದಿಯುವುದು 100 ಡಿಗ್ರಿಯಲ್ಲಿ, ಬೆಲ್ಲದ ಪಾಕ ಇಳಿಸುವ ಹೊತ್ತಿಗೆ ಸುಮಾರು 115 ದಾಟಿರುತ್ತದೆ, ಯಾಕೆಂದರೆ ಸಕ್ಕರೆ ಗಟ್ಟಿಯಾದಷ್ಟೂ ಕುದಿಯುವ ಬಿಂದು ಮೇಲೇರುತ್ತದೆ. ತಾತನ ಕೈಯಲ್ಲಿ ಥರ್ಮಾಮೀಟರ್ ಇಲ್ಲ. ಒಂದು ತೊಟ್ಟು ಪಾಕ ತಣ್ಣೀರಿನ ಬಟ್ಟಲಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಾರೆ. ಉಂಡೆ ನಿಂತರೆ ಇಳಿಸು ಅನ್ನುತ್ತಾರೆ. ಆ ಹುಡುಗ ನೋಡಲು ಓಡುವುದು ಆ ಕ್ಷಣವನ್ನೇ ಅಂತ ನನ್ನ ಊಹೆ. ಒಂದು ನಿಮಿಷ ಹೆಚ್ಚಾದರೆ ಸೀದು ಹೋಗುತ್ತದೆ, ಕಡಿಮೆಯಾದರೆ ಅಚ್ಚಿನಲ್ಲಿ ನಿಲ್ಲುವುದಿಲ್ಲ. ಯಾವ ಶಾಲೆಯ ಪ್ರಯೋಗಶಾಲೆಯಲ್ಲೂ ಮೂರನೇ ಕ್ಲಾಸಿನವನಿಗೆ ಇಷ್ಟು ಹತ್ತಿರದ ರಸಾಯನಶಾಸ್ತ್ರ ಸಿಗುವುದಿಲ್ಲ.

ಹತ್ತಿರ ಅಂದೆ, ಆದರೆ ಕೊಪ್ಪರಿಗೆಯಿಂದ ಎರಡು ಮಾರು ದೂರ ಒಂದು ಗೆರೆ ಎಳೆಸಿ, ಅದನ್ನು ದಾಟಬಾರದು ಅಂತ ತಾತನ ಬಾಯಲ್ಲೇ ಹೇಳಿಸಿ. ಬಿಸಿ ನೀರು ಸಿಡಿದರೆ ಜಾರಿಹೋಗುತ್ತದೆ, ಪಾಕ ಚರ್ಮಕ್ಕೆ ಅಂಟಿಕೊಂಡೇ ಸುಡುತ್ತದೆ. ಗಾಣದ ಹತ್ತಿರ ಸಡಿಲ ಅಂಗಿ ಹಾಕಿಕೊಂಡು ಹೋಗುವುದಂತೂ ಬೇಡವೇ ಬೇಡ.

ಇನ್ನು ಲೆಕ್ಕ. ಆಲೆಮನೆಗೆ ಬಂದ ಕಬ್ಬಿನ ತೂಕ ಎಷ್ಟು, ಇಳಿದ ಬೆಲ್ಲ ಎಷ್ಟು ಅಂತ ತಾತನನ್ನು ಕೇಳಿ ಬರೆಯಲಿ. ನೂರು ಕಿಲೋ ಕಬ್ಬಿಗೆ ಹತ್ತು ಕಿಲೋ ಆಸುಪಾಸು ಬೆಲ್ಲ ಬರುತ್ತದೆ. ತಳಿ, ಕಟಾವಿನ ತಿಂಗಳು, ಕಡಿದು ಎಷ್ಟು ದಿನ ಬಿದ್ದಿತ್ತು ಅನ್ನುವುದರ ಮೇಲೆ ಹೆಚ್ಚುಕಡಿಮೆ ಆಗುತ್ತದೆ. ಹತ್ತು ದಿನದ ಲೆಕ್ಕ ಬರೆದರೆ ಶೇಕಡಾ ಅಂದರೇನು ಅಂತ ನೀವು ಹೇಳಿಕೊಡಬೇಕಾಗಿಲ್ಲ, ಅವನೇ ಬಂದು ಕೇಳುತ್ತಾನೆ. ಉಳಿದ ತೊಂಬತ್ತು ಕಿಲೋ ಎಲ್ಲಿ ಹೋಯಿತು ಅಂತ ನೀವು ಕೇಳಿ. ಆವಿ, ಸಿಪ್ಪೆ, ಮಡ್ಡಿ. ಆ ಸಿಪ್ಪೆಯೇ ಒಣಗಿ ಒಲೆಗೆ ಹೋಗಿ ನಾಳೆಯ ಬೆಲ್ಲ ಕಾಯಿಸುತ್ತದೆ ಅನ್ನುವುದನ್ನು ಮಾತ್ರ ಹೇಳಬೇಡಿ. ಅದನ್ನು ಅವನೇ ಕಂಡುಹಿಡಿಯಲಿ, ಅಷ್ಟು ಸಂತೋಷ ಅವನಿಗಿರಲಿ.

ಇದನ್ನು ಓದಿ ಇನ್ನು ಪಾಠವೇ ಬೇಡ ಅಂದುಕೊಳ್ಳಬೇಡಿ. ಆಲೆಮನೆಯಲ್ಲಿ ದಿನವಿಡೀ ಇದ್ದರೂ ಭಾಗಾಕಾರ ಬಾರದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ನೋಡಿದ್ದು ಪುಸ್ತಕಕ್ಕೆ ಇಳಿಯಬೇಕು: ದಿನಕ್ಕೆ ಅರ್ಧ ಪುಟ, ತಾರೀಖು ಹಾಕಿ, ತಪ್ಪಿದ್ದರೂ ಪರವಾಗಿಲ್ಲ. ಮತ್ತೆ ಮಗ್ಗಿ. ಮಗ್ಗಿ ಬಾಯಿಪಾಠ ಹಳೇ ಕಾಲದ್ದು ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ಇಪ್ಪತ್ತರವರೆಗೆ ಮಗ್ಗಿ ನಾಲಿಗೆ ಮೇಲೆ ಇದ್ದರೆ ಮುಂದಿನ ಆರು ವರ್ಷದ ಗಣಿತದಲ್ಲಿ ಅರ್ಧ ಅಳು ಕಡಿಮೆಯಾಗುತ್ತದೆ. ಹಸುವಿಗೆ ಹುಲ್ಲು ಹಾಕುವಾಗ ಹೇಳಿಸಿ, ಕೂರಿಸಿ ಹೇಳಿಸಬೇಡಿ.

ಮಂಡ್ಯದವರಿಗೆ ಇನ್ನೊಂದು ಗಣಿತ ಪುಸ್ತಕ ಪುಕ್ಕಟೆಯಾಗಿ ಸಿಗುತ್ತದೆ: ಪತ್ರಿಕೆಯಲ್ಲಿ ಬರುವ ಕೆಆರ್‌ಎಸ್ ನೀರಿನ ಮಟ್ಟ. ಗರಿಷ್ಠ ಮಟ್ಟ 124.80 ಅಡಿ. ಒಂದು ಗ್ರಾಫ್ ಹಾಳೆ ಗೋಡೆಗೆ ಅಂಟಿಸಿ, ಟೈಂಟೇಬಲ್ ಇದ್ದ ಜಾಗದಲ್ಲೇ ಆಗಲಿ. ದಿನಾ ಒಂದು ಚುಕ್ಕಿ. ದಶಾಂಶದ ಪಾಠ ಅಲ್ಲಿಂದಲೇ ಶುರು: 124.80 ಮತ್ತು 124.8 ಎರಡೂ ಒಂದೇನಾ? 98.50ಕ್ಕಿಂತ 98.05 ಕಡಿಮೆ ಹೇಗೆ? ಒಳಹರಿವು ಹೊರಹರಿವು ಕ್ಯುಸೆಕ್‌ನಲ್ಲಿ ಇರುತ್ತದೆ. ಒಂದು ಕ್ಯುಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್. ನಿಮ್ಮ ಮನೆಯ ಎರಡು ಬಿಂದಿಗೆ ಅಷ್ಟು. ಹೊರಹರಿವು ಹತ್ತು ಸಾವಿರ ಕ್ಯುಸೆಕ್ ಅಂತ ಓದಿದ ದಿನ ಸೆಕೆಂಡಿಗೆ ಇಪ್ಪತ್ತು ಸಾವಿರ ಬಿಂದಿಗೆ ಅಂತ ಅವನೇ ಲೆಕ್ಕ ಹಾಕಿ ಬಾಯಿ ಬಿಡುತ್ತಾನೆ. ನನ್ನ ಮಗಳ ಗ್ರಾಫು ಎರಡು ಮಳೆಗಾಲ ಓಡಿತು. ಮಳೆ ಕೊಡಗಿನಲ್ಲಿ, ನೀರು ಕನ್ನಂಬಾಡಿಯಲ್ಲಿ, ಜಗಳ ಕೋರ್ಟಿನಲ್ಲಿ ಯಾಕೆ ಅಂತ ಅವಳು ಕೇಳಿದ ದಿನ ಭೂಗೋಳ, ಚರಿತ್ರೆ, ಪೌರನೀತಿ ಮೂರೂ ಒಟ್ಟಿಗೇ ಶುರುವಾದವು. ನನಗೆ ಉತ್ತರ ಗೊತ್ತಿರಲಿಲ್ಲ, ಇಬ್ಬರೂ ಕೂತು ಓದಿದೆವು. ಬಿ.ಕಾಂ. ಸಾಕಾ ಅನ್ನುವ ಅನುಮಾನ ನಿಮ್ಮ ಪತ್ರದ ಸಾಲುಗಳ ನಡುವೆ ಇದೆ. ಸಾಕು. ಗೊತ್ತಿಲ್ಲ ಅಂತ ಹೇಳಿ ಹುಡುಕಲು ಕೂರುವವಳಾದರೆ ಪಿಯುಸಿಯೂ ಸಾಕಿತ್ತು.

ಮಗಳ ವಿಷಯ ಬೇರೆ. ಐದೂವರೆ ವರ್ಷದವಳನ್ನು ಅಣ್ಣನ ಜೊತೆ ಕೂರಿಸಿ ಬೇರೆ ಬೇರೆ ಪಾಠ ಮಾಡುವುದು ಕಷ್ಟ ಅನ್ನಿಸುತ್ತಿದ್ದರೆ ಸರ್ಕಾರಿ ಶಾಲೆಗಳ ನಲಿ-ಕಲಿ ಕ್ರಮ ನೆನಪಿಸಿಕೊಳ್ಳಿ. ಅದು ಹುಟ್ಟಿದ್ದೇ ನಮ್ಮ ಮೈಸೂರು ಜಿಲ್ಲೆಯಲ್ಲಿ, 1995ರಲ್ಲಿ, ಎಚ್.ಡಿ. ಕೋಟೆ ತಾಲ್ಲೂಕಿನ ಶಾಲೆಗಳಲ್ಲಿ. ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿಬಂದ ಸರ್ಕಾರಿ ಶಾಲೆಯ ಮೇಷ್ಟರುಗಳೇ ಕೂತು ಕಾರ್ಡು ಬರೆದು ಕಟ್ಟಿದ ಕ್ರಮ ಅದು. ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳ ಕೆಳ ತರಗತಿಗಳಿಗೆಲ್ಲ ಹೋಯಿತು. ಅದರ ಜೀವಾಳ ಇಷ್ಟೇ: ಒಂದು ಕಲಿಕಾ ಏಣಿ, ಅದರಲ್ಲಿ ಮೆಟ್ಟಿಲು, ಒಂದು ಮೆಟ್ಟಿಲು ಬಂದ ಮೇಲೆ ಮುಂದಿನದು, ಪಕ್ಕದವನು ಎಲ್ಲಿದ್ದಾನೆ ಅನ್ನುವುದು ಮುಖ್ಯವಲ್ಲ, ದೊಡ್ಡವರು ಚಿಕ್ಕವರಿಗೆ ಹೇಳಿಕೊಡಬೇಕು. ಎರಡು ವಯಸ್ಸಿನ ಮಕ್ಕಳಿರುವ ಮನೆಗೆ ಇದಕ್ಕಿಂತ ಹೊಂದುವ ಕ್ರಮ ನನಗೆ ಗೊತ್ತಿಲ್ಲ.

ಅಕ್ಷರ ಕಲಿಸುವಾಗಲೂ ಅ ಆ ಇ ಈ ಅಂತ ಐವತ್ತು ಅಕ್ಷರ ಮುಗಿಸಿ ಆಮೇಲೆ ಪದಕ್ಕೆ ಬರಬೇಡಿ. ನಾವು ಶುರು ಮಾಡುತ್ತಿದ್ದುದು ರ, ಗ, ಸ, ದ, ಅ ಇಂದ. ಐದೇ ಅಕ್ಷರ. ಸರ, ದರ, ಅಗಸ, ಅರಸ, ಗರಗಸ. ವಾರದೊಳಗೆ ಮಗು ಪದ ಓದುತ್ತದೆ. ನನ್ನ ತರಗತಿಯಲ್ಲಿ ಒಬ್ಬ ಹುಡುಗಿ ಆ ಐದು ಅಕ್ಷರದ ಮಿಂಚುಪಟ್ಟಿಗಳನ್ನು (ಫ್ಲ್ಯಾಶ್ ಕಾರ್ಡು) ನೆಲದ ಮೇಲೆ ಹರಡಿಕೊಂಡು, ಯಾರೂ ಹೇಳಿಕೊಡದೆ, ದ ಮುಂದೆ ಸ ಇಟ್ಟು, ಸ ಮುಂದೆ ರ ಇಟ್ಟು, "ದಸರ! ಟೀಚರ್, ಆನೆ ಎಲ್ಲಿ?" ಅಂದಿದ್ದಳು. ರಟ್ಟಿನ ಚೂರಿನಲ್ಲಿ ಅಕ್ಷರ ಬರೆದುಕೊಡುವ ಕೆಲಸ ಮಗನಿಗೆ ವಹಿಸಿ. ತಂಗಿಗೆ ಕಲಿಸುವ ನೆಪದಲ್ಲಿ ಅವನ ಕೈಬರಹವೂ ನೆಟ್ಟಗಾಗುತ್ತದೆ. ಪಠ್ಯಪುಸ್ತಕ ಬೇಕೆಂದರೆ ಕರ್ನಾಟಕ ಪಠ್ಯಪುಸ್ತಕ ಸಂಘದವರದ್ದು ಪಿಡಿಎಫ್ ರೂಪದಲ್ಲಿ ಉಚಿತವಾಗಿ ಸಿಗುತ್ತವೆ. ಸಾವಿರಗಟ್ಟಲೆ ಕೊಟ್ಟು ಹೋಂಸ್ಕೂಲ್ ಕಿಟ್ ತರಿಸಬೇಡಿ. ನಾನು ತರಿಸಿದ್ದೆ. ಅದರಲ್ಲಿ ಸ್ಟ್ರಾಬೆರಿ ಎಣಿಸುವ ಲೆಕ್ಕವಿತ್ತು, ಮಗಳು ಸ್ಟ್ರಾಬೆರಿ ಅಂದರೆ ಐಸ್‌ಕ್ರೀಮ್ ಅಂದುಕೊಂಡಿದ್ದಳು.

ಪಾಠದಲ್ಲಿ ಇಷ್ಟು ಸಡಿಲ ಬಿಡಿ ಅಂದೆನಲ್ಲ, ಕಾಗದಪತ್ರದಲ್ಲಿ ಅದರ ತದ್ವಿರುದ್ಧ. ಅಲ್ಲಿ ಶಾಲೆಗಿಂತ ಬಿಗಿ ಬೇಕು.

ಮೊದಲು ಕಾನೂನು. 2009ರ ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದಿದ್ದು 2010ರ ಏಪ್ರಿಲ್ 1ರಂದು. ಆರರಿಂದ ಹದಿನಾಲ್ಕು ವರ್ಷದ ಮಗುವಿಗೆ ಉಚಿತ, ಕಡ್ಡಾಯ ಶಿಕ್ಷಣ. ಅದರ 10ನೇ ಕಲಮು ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ತಂದೆತಾಯಿಯ ಕರ್ತವ್ಯ ಅನ್ನುತ್ತದೆ. ಸೇರಿಸದ ತಂದೆತಾಯಿಗೆ ದಂಡ, ಶಿಕ್ಷೆ ಅಂತ ಆ ಕಾಯ್ದೆಯಲ್ಲಿ ಬರೆದಿಲ್ಲ. ಮನೆಶಿಕ್ಷಣ ಅನ್ನುವ ಮಾತೇ ಅದರಲ್ಲಿಲ್ಲ: ಮಾಡಿ ಅಂತಲೂ ಇಲ್ಲ, ಮಾಡಬೇಡಿ ಅಂತ ಹೆಸರಿಸಿಯೂ ಇಲ್ಲ. ಹಾಗಾಗಿ "ಸಂಪೂರ್ಣ ಕಾನೂನುಬದ್ಧ" ಅಂತ ಎದೆ ತಟ್ಟುವವರನ್ನೂ ನಂಬಬೇಡಿ, "ಪೊಲೀಸ್ ಬರ್ತಾರೆ" ಅಂತ ಹೆದರಿಸುವವರನ್ನೂ ನಂಬಬೇಡಿ. ಬರುವವರು ಕ್ಲಸ್ಟರಿನ ಸಿಆರ್‌ಪಿ, ಅಂದರೆ ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಶಿಕ್ಷಣ ಇಲಾಖೆಯವರು. ನಿಮ್ಮ ಮಗನ ಹೆಸರು ಶಾಲೆಯಿಂದ ಹೊರಗುಳಿದ ಮಕ್ಕಳ ಪಟ್ಟಿಯಲ್ಲಿ ಬಂದಿದ್ದರೆ ವಿಚಾರಿಸುವುದು ಅವರ ಕೆಲಸ. ಬಾಗಿಲು ಹಾಕಿಕೊಳ್ಳಬೇಡಿ, ಊರಿನಲ್ಲಿಲ್ಲ ಅಂತ ಸುಳ್ಳು ಹೇಳಬೇಡಿ. ಕಾಫಿ ಕೊಟ್ಟು, ಫೈಲ್ ತೋರಿಸಿ. ಕೂಲಿಗೆ ಕಳಿಸಿಲ್ಲ, ಮದುವೆಗೆ ಬಿಡಿಸಿಲ್ಲ, ಓದಿಸುತ್ತಿದ್ದೀರಿ ಅನ್ನುವುದು ಕಣ್ಣಿಗೆ ಕಂಡರೆ ಮಾತು ಬೇರೆಯಾಗುತ್ತದೆ.

ಆ ಫೈಲಿನಲ್ಲಿ ಏನಿರಬೇಕು? ಜನನ ಪ್ರಮಾಣಪತ್ರ. ಆಧಾರ್. ಹಳೆಯ ಶಾಲೆಯ ಟಿಸಿ, ಅದರ ಮೇಲೆ ಸ್ಯಾಟ್ಸ್ ನಂಬರ್ (ಶಿಕ್ಷಣ ಇಲಾಖೆ ಪ್ರತಿ ವಿದ್ಯಾರ್ಥಿಗೆ ಕೊಡುವ ಸಂಖ್ಯೆ) ಇರಲಿ, ಮೂರನೇ ಕ್ಲಾಸಿನ ಅಂಕಪಟ್ಟಿ. ಇವೆಲ್ಲದರಲ್ಲೂ ಹೆಸರಿನ ಸ್ಪೆಲ್ಲಿಂಗು, ಹುಟ್ಟಿದ ತಾರೀಖು ಒಂದೇ ಇದೆಯಾ ಈಗಲೇ ನೋಡಿ. ನನ್ನ ಮಗಳ ಟಿಸಿಯಲ್ಲಿ ಇನಿಷಿಯಲ್ ಹಿಂದೆಮುಂದೆ ಆಗಿತ್ತು, ನಾನು ನೋಡಿರಲಿಲ್ಲ. ಹತ್ತನೇ ಪರೀಕ್ಷೆಯ ಅರ್ಜಿ ತುಂಬುವಾಗ ಗೊತ್ತಾಗಿ, ಒಂದು ಕಚೇರಿಯಿಂದ ಇನ್ನೊಂದು ಕಚೇರಿಗೆ ಏಳು ಸಲ ಅಲೆದೆ. ಒಂದು ಕಡೆ ನಾನು ಕೊಟ್ಟ ಮೂಲ ಪ್ರತಿಯನ್ನೇ ಕಳೆದರು. ಆವತ್ತಿನಿಂದ ಮೂಲ ಪ್ರತಿ ಯಾರ ಕೈಗೂ ಬಿಡುವುದಿಲ್ಲ, ತೋರಿಸಿ ವಾಪಸ್ ತರುತ್ತೇನೆ. ಇವುಗಳ ಜೊತೆಗೆ ತಿಂಗಳಿಗೊಂದು ಹಾಳೆ: ಏನು ಓದಿದ, ಯಾವ ಲೆಕ್ಕ ಬಂತು, ಎಲ್ಲಿಗೆ ಹೋದಿರಿ, ಒಂದೆರಡು ಬರವಣಿಗೆಯ ಮಾದರಿ. ಆಲೆಮನೆಯ ಲೆಕ್ಕದ ಪುಸ್ತಕವೂ ಇದರಲ್ಲೇ. ಇದು ಸಿಆರ್‌ಪಿಗಾಗಿ ಮಾತ್ರವಲ್ಲ. ಏನೂ ಕಲಿಸಲಿಲ್ಲ ಅಂತ ನೀವು ಅಳುವ ರಾತ್ರಿಗಳು ಬರುತ್ತವಲ್ಲ, ಆವಾಗ ಹಿಂದಿನ ನಾಲ್ಕು ಹಾಳೆ ತಿರುವಿ ನೋಡುವುದಕ್ಕೆ.

ಪರೀಕ್ಷೆಗೆ ಎರಡು ದಾರಿ. ಒಂದು ಎನ್‌ಐಒಎಸ್, ಅಂದರೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ. 1989ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಮಂಡಳಿ. ಹದಿನಾಲ್ಕು ತುಂಬಿದವರು ನೇರವಾಗಿ ಹತ್ತನೇ ಹಂತಕ್ಕೆ ನೋಂದಾಯಿಸಬಹುದು. ಐದು ವಿಷಯ, ಪಟ್ಟಿಯಿಂದ ನೀವೇ ಆರಿಸಿಕೊಳ್ಳುವುದು, ಭಾಷೆಯಾಗಿ ಕನ್ನಡವೂ ಇದೆ. ವರ್ಷಕ್ಕೆ ಎರಡು ಸಲ ಪರೀಕ್ಷೆ. ನೋಂದಣಿ ಐದು ವರ್ಷ ನಡೆಯುತ್ತದೆ, ಅಷ್ಟರಲ್ಲಿ ಒಂಬತ್ತು ಅವಕಾಶ. ಒಂದೊಂದೇ ವಿಷಯ ಬರೆದು ಮುಗಿಸಬಹುದು. ಪಾಸಾದ ಮೇಲೆ ಅಂಕಪಟ್ಟಿ ಜೊತೆ ವಲಸೆ-ವರ್ಗಾವಣೆ ಪ್ರಮಾಣಪತ್ರ ಕೊಡುತ್ತಾರೆ, ಪಿಯು ಕಾಲೇಜಿನಲ್ಲಿ ಟಿಸಿ ಕೇಳಿದರೆ ಅದೇ. ಇನ್ನೊಂದು ದಾರಿ ನಮ್ಮ ರಾಜ್ಯದ ಎಸ್ಸೆಸ್ಸೆಲ್ಸಿಯನ್ನೇ ಖಾಸಗಿ ಅಭ್ಯರ್ಥಿಯಾಗಿ ಬರೆಯುವುದು. ಕನ್ನಡ ಮಾಧ್ಯಮದಲ್ಲಿ ಬರೆಸುವ ಮನಸ್ಸಿದ್ದರೆ ಇದೇ ಸಲೀಸು. ವಯಸ್ಸಿನ ನಿಯಮ ಇರುತ್ತದೆ, ಮಂಡಳಿ ಪ್ರತಿ ವರ್ಷ ಹೊರಡಿಸುವ ಅಧಿಸೂಚನೆ ನೋಡಿ, ಕೊನೇ ದಿನಾಂಕ ತಪ್ಪಿಸಿಕೊಳ್ಳಬೇಡಿ. ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ನಡೆಯುವುದರಿಂದ ಒಂದು ಸಲ ಎಡವಿದರೂ ವರ್ಷ ಹಾಳಾಗುವುದಿಲ್ಲ. ಎರಡರಲ್ಲಿ ಯಾವುದು ಅನ್ನುವ ತೀರ್ಮಾನಕ್ಕೆ ಇನ್ನೂ ನಾಲ್ಕು ವರ್ಷ ಸಮಯವಿದೆ.

ಆದರೆ ಒಂದು ವಿಷಯಕ್ಕೆ ಸಮಯವಿಲ್ಲ, ಇದನ್ನು ಮನೆಶಿಕ್ಷಣದ ಉತ್ಸಾಹಿಗಳು ಹೇಳುವುದೇ ಇಲ್ಲ. ಮುಂದೆ ಸಿಇಟಿ ಮೂಲಕ ಸರ್ಕಾರಿ ಸೀಟು ಬೇಕೆಂದರೆ ಏಳು ವರ್ಷ ಕರ್ನಾಟಕದಲ್ಲಿ ಓದಿದ ವ್ಯಾಸಂಗ ಪ್ರಮಾಣಪತ್ರ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಸಮೇತ ಕೇಳುತ್ತಾರೆ. ಅರ್ಹತೆಗೆ ಬೇರೆ ಕಲಮುಗಳೂ ಇವೆ, ಮಾಹಿತಿ ಪುಸ್ತಿಕೆಯಲ್ಲಿ ಓದಿಕೊಳ್ಳಿ. ಗ್ರಾಮೀಣ ಮೀಸಲಾತಿ ಮತ್ತು ಕನ್ನಡ ಮಾಧ್ಯಮ ಮೀಸಲಾತಿ ಎರಡಕ್ಕೂ ಒಂದರಿಂದ ಹತ್ತರವರೆಗೆ ಹತ್ತು ವರ್ಷವೂ ಹಾಗೆಯೇ ಓದಿರಬೇಕು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಿಮ್ಮ ಮಗನಿಗೆ ಕನ್ನಡ ಮಾಧ್ಯಮದ್ದು ಆಗಲೇ ಹೋಗಿದೆ. ಶಾಲೆ ಪೇಟೆಯಲ್ಲಿದ್ದರೆ ಗ್ರಾಮೀಣದ್ದೂ ಹೋಗಿದೆ. ಮಗಳಿಗೆ ಎರಡೂ ಇನ್ನೂ ಉಳಿದಿವೆ. ಅವಳಿಗೆ ಆರು ತುಂಬುವುದರೊಳಗೆ ಗಂಡಹೆಂಡತಿ ಕೂತು ಇದನ್ನು ಮಾತಾಡಿ. ಅಣ್ಣ ಮನೆಯಲ್ಲಿದ್ದಾನೆ ಅಂತ ತಂಗಿಯೂ ಮನೆಯಲ್ಲೇ ಇರಬೇಕಾಗಿಲ್ಲ.

ಇಲ್ಲಿ ನಾನು ಸ್ವಲ್ಪ ಕಟುವಾಗಿ ಒಂದು ಪ್ರಶ್ನೆ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನೀವು ಬಿಡಿಸಿದ್ದು ಶಾಲೆಯನ್ನೋ, ವ್ಯಾನನ್ನೋ? ಪತ್ರದಲ್ಲಿ ನೀವು ಬರೆದ ಕಷ್ಟ ಎರಡು ಗಂಟೆಯ ಪ್ರಯಾಣ, ರಾತ್ರಿ ಒಂಬತ್ತರವರೆಗಿನ ಹೋಂವರ್ಕು. ನಿಮ್ಮ ಊರಲ್ಲೋ ಪಕ್ಕದ ಊರಲ್ಲೋ ಸರ್ಕಾರಿ ಶಾಲೆ ಇದ್ದೇ ಇರುತ್ತದೆ, ಹತ್ತು ನಿಮಿಷದ ನಡಿಗೆ. ಅಲ್ಲಿಗೆ ಹೋಗಿ ಒಂದು ದಿನ ಕೂತು ಮೇಷ್ಟರನ್ನು ಮಾತಾಡಿಸಿದ್ದೀರಾ? ಅಲ್ಲಿ ಓದಿ ಬಂದ ಮೇಲೆ ಆಲೆಮನೆ, ಕೆಆರ್‌ಎಸ್ ಗ್ರಾಫು, ರಾತ್ರಿಯ ಓದು ಯಾವುದೂ ನಿಲ್ಲಬೇಕಾಗಿಲ್ಲ. ನನ್ನ ಪರಿಚಯದ ಎರಡು ಮನೆಯವರು ಹಾಗೇ ಮಾಡಿ ನೆಮ್ಮದಿಯಾಗಿದ್ದಾರೆ. ನೋಡಿ ಬಂದೂ ಮನೆಯೇ ಸರಿ ಅನ್ನಿಸಿದರೆ ಧಾರಾಳವಾಗಿ ಮುಂದುವರಿಸಿ, ಆವಾಗ ನಿಮ್ಮ ತೀರ್ಮಾನಕ್ಕೆ ಕಾಲು ಬಂದಿರುತ್ತದೆ. ವಾಪಸ್ ಹೋಗುವ ಬಾಗಿಲು ಮುಚ್ಚಿಹೋಗುತ್ತದೆ ಅನ್ನುವ ಭಯವೂ ಬೇಡ. ಅದೇ ಕಾಯ್ದೆಯ 4ನೇ ಕಲಮಿನ ಪ್ರಕಾರ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು, ಹಿಂದೆ ಬಿದ್ದಿದ್ದರೆ ವಿಶೇಷ ತರಬೇತಿ ಕೊಡಬೇಕು. ಹನ್ನೊಂದರ ಹುಡುಗನನ್ನು ನಾಲ್ಕನೇ ಕ್ಲಾಸಿನಲ್ಲಿ ಕೂರಿಸುವುದಿಲ್ಲ.

ಜೊತೆಗಾರರ ವಿಷಯ ಪಟ್ಟಣದ ಅಪಾರ್ಟ್‌ಮೆಂಟಿನವರಿಗಿರುವಷ್ಟು ಕಷ್ಟ ನಿಮಗಿಲ್ಲ. ಸಂಜೆ ನಾಲ್ಕೂವರೆಗೆ ಊರಿನ ಹುಡುಗರೆಲ್ಲ ಬಯಲಿಗೆ ಬರುತ್ತಾರೆ, ಆ ಹೊತ್ತು ಪಾಠ ಇಟ್ಟುಕೊಳ್ಳಬೇಡಿ, ಅಷ್ಟೇ. ಬೇಸಿಗೆಯಲ್ಲಿ ಮೈಸೂರಿನ ರಂಗಾಯಣದಲ್ಲಿ ಚಿಣ್ಣರ ಮೇಳ ಅಂತ ಮಕ್ಕಳ ಶಿಬಿರ ನಡೆಯುತ್ತದೆ. ನೆಂಟರ ಮನೆ ಇದ್ದರೆ ಕಳಿಸಿ. ಕಾರಂಜಿ ಕೆರೆ ಪಕ್ಕದ ಪ್ರಾಕೃತಿಕ ವಿಜ್ಞಾನ ವಸ್ತುಸಂಗ್ರಹಾಲಯ, ರೈಲ್ವೆ ಮ್ಯೂಸಿಯಂ ಎರಡನ್ನೂ ಒಂದೇ ದಿನ ತೋರಿಸಿ ಸುಸ್ತು ಮಾಡಬೇಡಿ. ದೂರ ಯಾಕೆ, ಕೊಕ್ಕರೆ ಬೆಳ್ಳೂರು ನಿಮ್ಮ ತಾಲ್ಲೂಕಿನಲ್ಲೇ ಇದೆ. ಹೆಜ್ಜಾರ್ಲೆ ಹಕ್ಕಿಗಳು ಊರ ನಡುವಿನ ಮರದಲ್ಲಿ ಗೂಡು ಕಟ್ಟುವ ಹೊತ್ತಿಗೆ ತಿಂಗಳಿಗೊಂದು ಸಲ ಹೋಗಿ, ಒಂದೇ ಮರದ ಗೂಡು ಎಣಿಸಿ ಬರಲಿ.

ನಿಮ್ಮ ಯಜಮಾನರ ಬಗ್ಗೆ ಪತ್ರದಲ್ಲಿ ಒಂದು ಸಾಲೂ ಇಲ್ಲ. ಬಿಡಿಸಿದೆವು ಅಂತ ಶುರು ಮಾಡಿ, ಹಾಕಿದ್ದೇನೆ, ಮಾಡಿದೆನಾ ಅಂತ ಮುಗಿಸಿದ್ದೀರಿ. ಮನೆಯಲ್ಲಿ ಓದಿಸುವುದು ಬಹಳ ಮನೆಗಳಲ್ಲಿ ಮುರಿದುಬೀಳುವುದು ಮಕ್ಕಳಿಂದಲ್ಲ, ಅಮ್ಮ ಒಬ್ಬಳೇ ಹೊತ್ತು ಸೋಲುವುದರಿಂದ. ರಾತ್ರಿಯ ಓದು ಅವರದ್ದಾಗಲಿ. ತಿಂಗಳಿಗೊಂದು ಹಾಳೆ ಬರೆಯುವ ಕೆಲಸವೂ ಅವರಿಗೇ ಕೊಡಿ. ಬರೆಯಬೇಕಾದರೆ ಏನು ನಡೆಯುತ್ತಿದೆ ಅಂತ ನೋಡಲೇಬೇಕಾಗುತ್ತದೆ. ವಾರದಲ್ಲಿ ಒಂದು ಮಧ್ಯಾಹ್ನ ಮಕ್ಕಳು ನಿಮ್ಮ ಕಣ್ಣೆದುರು ಇರಬಾರದು.

ಇನ್ನು ಅತ್ತೆಯವರು. ಅವರ ಜೊತೆ ವಾದಕ್ಕೆ ನಿಲ್ಲಬೇಡಿ, ಅವರ ಆತಂಕ ನ್ಯಾಯವಾದದ್ದೇ. ಶಾಲೆ ಮೆಟ್ಟಿಲು ಹತ್ತುವುದಕ್ಕೆ ಜಗಳವಾಡಬೇಕಾಗಿದ್ದ ಕಾಲದವರು, ಸಿಕ್ಕ ಶಾಲೆಯನ್ನು ಸೊಸೆ ಬಿಡಿಸಿದರೆ ಅವರಿಗೆ ಎದೆ ಧಸಕ್ಕೆನ್ನದೆ ಇರುತ್ತದಾ? ಒಂದು ಕೆಲಸ ಮಾಡಿ. ಹಬ್ಬದ ಹಾಡು, ಸೋಬಾನೆ, ಒಗಟು ಅಂತ ಅವರ ತಲೆಯಲ್ಲಿ ಏನೇನಿದೆಯೋ ದಿನಕ್ಕೊಂದರಂತೆ ಹೇಳಿಸಿ, ಮಗ ಕೇಳಿ ಬರೆದುಕೊಳ್ಳಲಿ. ಅವರು ಹೇಳಿದ ಹಾಗೇ ಬರೆಯಬೇಕು, "ಯೋಳು" ಅಂದರೆ "ಯೋಳು" ಅಂತಲೇ, ಪಕ್ಕದಲ್ಲಿ "ಹೇಳು" ಅಂತ ಬರೆದು ಎರಡಕ್ಕೂ ಏನು ವ್ಯತ್ಯಾಸ ಅಂತ ಯೋಚಿಸಲಿ. ಕನ್ನಡದ ಅರ್ಧ ಗಂಟೆ ಅಲ್ಲಿಗೆ ಆಯಿತು. ನನ್ನ ಅತ್ತೆಯೂ ನಿಮ್ಮ ಅತ್ತೆಯ ಹಾಗೇ ಇದ್ದರು. ಮೊಮ್ಮಗಳು ನಲವತ್ತನೇ ಒಗಟು ಬರೆದುಕೊಂಡ ದಿನ ಪಕ್ಕದ ಮನೆಯವರಿಗೆ ಅವರು ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು: "ಕೂಸು ಈಗ ನನ್ನ ತಾವ ಓದ್ತಾ ಅದೆ."